ಸಿ ಕೋಡ್‌ನಲ್ಲಿ ಭದ್ರತೆಯ ತೂತು ಹುಡುಕುವುದು ಹೇಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಬಿಲ್ಲಿನಲ್ಲಿ ಟೊಮೆಟೊ ಬಾಕ್ಸ್‌ಗಳ ಲೆಕ್ಕ ಹೀಗಿತ್ತು: -1431117683. ನೂರಾ ನಲವತ್ಮೂರು ಕೋಟಿಗೂ ಜಾಸ್ತಿ, ಅದೂ ಮೈನಸ್‌ನಲ್ಲಿ. ರೈತನ ಹೆಸರು ಮಾತ್ರ ಸರಿಯಾಗಿಯೇ ಬಂದಿತ್ತು: ಮುನಿವೆಂಕಟಪ್ಪ.

ಭಾನುವಾರ ಕೋಲಾರದಲ್ಲಿ ನನ್ನ ಹತ್ರ ಸಿ ಕಲಿಯಲು ಬರುವ ಎಂಜಿನಿಯರಿಂಗ್ ಹುಡುಗರು ಬರೆದ ಅಭ್ಯಾಸದ ಪ್ರೋಗ್ರಾಮ್ ಅದು. ಮಂಡಿಗೆ ಎಷ್ಟು ಬಾಕ್ಸ್ ಬಂತು, ರೇಟು ಎಷ್ಟು, ರೈತನಿಗೆ ಸಲ್ಲಬೇಕಾದ್ದು ಎಷ್ಟು, ಇಷ್ಟೇ ಅದರ ಕೆಲಸ. ಹಿಂದಿನ ವಾರವಷ್ಟೇ ಅದನ್ನು ಸ್ಕ್ಯಾನ್ ಮಾಡಿ "ಅಣ್ಣ, ಫುಲ್ ಕ್ಲೀನ್" ಅಂತ ಮೆಸೇಜ್ ಹಾಕಿದ್ದರು.

ಅವರು ಮಾಡಿದ್ದು ಇಷ್ಟು. ಕೋಡ್‌ನಲ್ಲಿ ಅಪಾಯದ ಜಾಗ ಹುಡುಕುವ ಫ್ಲಾಫೈಂಡರ್ ಅನ್ನೋ ಟೂಲ್ ಓಡಿಸಿದರು. ಅದು ಸ್ಟರ್‌ಕಾಪಿ (ಅಕ್ಷರಗಳನ್ನು ಉದ್ದ ನೋಡದೆ ನಕಲು ಮಾಡುವ ಫಂಕ್ಷನ್) ಇದ್ದ ಕಡೆ ಲೆವೆಲ್ 4, ಅಂದರೆ ದೊಡ್ಡ ಅಪಾಯ, ಅಂತ ಬೈಯಿತು. ಅಲ್ಲೆಲ್ಲ ಎಷ್ಟು ನಕಲು ಮಾಡಬೇಕು ಅಂತ ಕೇಳುವ ಸ್ಟರ್‌ಎನ್‌ಕಾಪಿ ಹಾಕಿದರು, ಅಳತೆ ಕೇಳುವ ಮೂರನೇ ಜಾಗದಲ್ಲಿ "ಹೆಸರಿನ ಉದ್ದ ಪ್ಲಸ್ ಒಂದು" ಅಂತ ಬರೆದರು. ಲೆವೆಲ್ 4 ಇದ್ದದ್ದು 1ಕ್ಕೆ ಇಳಿಯಿತು. ತೂತು ಇದ್ದಲ್ಲೇ ಇತ್ತು. ಬೇರೆ ಬೇರೆ ಹುಡುಗರು, ಬೇರೆ ಬೇರೆ ಪ್ರೋಗ್ರಾಮ್, ಆದರೆ ಎಡವುವುದು ಇದೇ ಜಾಗದಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು: ಕಮಾಂಡು, ಫಂಕ್ಷನ್ ಹೆಸರುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

## ಶುರು ಮಾಡುವ ಮೊದಲು ಬೇಕಾದದ್ದು

ಉಬುಂಟು ಇರುವ ಒಂದು ಕಂಪ್ಯೂಟರ್. ವಿಂಡೋಸ್ ಆದರೆ ಅದರೊಳಗೇ ಉಬುಂಟು ಓಡಿಸುವ ಡಬ್ಲ್ಯೂಎಸ್‌ಎಲ್ ಸಾಕು. ಜಿಸಿಸಿ (ಕಂಪೈಲರ್), ಫ್ಲಾಫೈಂಡರ್ ಮತ್ತೆ ಸಿಪಿಪಿಚೆಕ್ (ಕೋಡ್ ಪರೀಕ್ಷಿಸುವ ಟೂಲುಗಳು), ಗಿಟ್ (ಕೋಡಿನ ಪ್ರತಿ ಆವೃತ್ತಿಯನ್ನು ಉಳಿಸುವ ಟೂಲ್), ನಾಲ್ಕೂ ಆಪ್ಟ್ ಇನ್‌ಸ್ಟಾಲ್‌ನಲ್ಲಿ ಸಿಗುತ್ತವೆ, ದುಡ್ಡು ಬೇಡ. ಜಿಸಿಸಿ 10 ಅಥವಾ ಅದಕ್ಕಿಂತ ಹೊಸದಾಗಿರಲಿ. ಹಂತ 6ರಲ್ಲಿ ಬೇಕಾಗುವ ಅನಲೈಜರ್ ಬಂದದ್ದೇ ಆ ಆವೃತ್ತಿಯಲ್ಲಿ.

ನಿಮ್ಮ ಕೋಡ್ ಇನ್ನೂ ಟರ್ಬೋ ಸಿ ಅನ್ನೋ ಹಳೆಯ ಕಂಪೈಲರ್ ಕಾಲದ್ದಾದರೆ ಮೊದಲು ಅದನ್ನು ಜಿಸಿಸಿಗೆ ತನ್ನಿ. ಕೊನಿಯೋ ಹೆಡರ್, ಕ್ಲಿಯರ್‌ಸ್ಕ್ರೀನ್ ಎಲ್ಲ ತೆಗೆಯಿರಿ. ಅಲ್ಲಿ ಇಂಟ್ ಅಂದರೆ 16 ಬಿಟ್, ಇಲ್ಲಿ 32. ಈ ವ್ಯತ್ಯಾಸವೇ ಕೆಲವು ತಪ್ಪುಗಳನ್ನು ಹೊರಗೆ ಎಳೆಯುತ್ತದೆ.

ಆಫೀಸಿನ ಕೋಡ್ ಆದರೆ ಅದನ್ನು ಯಾವುದೋ ವೆಬ್‌ಸೈಟಿಗೆ ಪೇಸ್ಟ್ ಮಾಡಿ ಸ್ಕ್ಯಾನ್ ಮಾಡಬೇಡಿ. ಇಲ್ಲಿ ಹೇಳುವ ಎಲ್ಲ ಟೂಲೂ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತವೆ. ನಿಮ್ಮದಲ್ಲದ ಕೋಡ್ ಆದರೆ ಒಡೆಯರ ಒಪ್ಪಿಗೆ ಇರಲಿ.

## ಹಂತ 1: ಬಾಗಿಲುಗಳ ಪಟ್ಟಿ

ಯಾವ ಟೂಲನ್ನೂ ಇನ್ನೂ ಮುಟ್ಟಬೇಡಿ. ಮೊದಲು ಇದ್ದ ಹಾಗೆಯೇ ಕೋಡನ್ನು ಗಿಟ್‌ಗೆ ಕಮಿಟ್ ಮಾಡಿ. ಆಮೇಲೆ ಒಂದು ಹಾಳೆ ತಗೊಳ್ಳಿ.

ಹೊರಗಿನ ಮಾಹಿತಿ ನಿಮ್ಮ ಪ್ರೋಗ್ರಾಮಿನ ಒಳಗೆ ಎಲ್ಲೆಲ್ಲಿಂದ ಬರುತ್ತದೆ? ಕೀಬೋರ್ಡ್, ಫೈಲು, ನೆಟ್‌ವರ್ಕ್, ತಕ್ಕಡಿ ಜೋಡಿಸಿದ ಸೀರಿಯಲ್ ಪೋರ್ಟ್, ಕಮಾಂಡ್ ಲೈನ್, ಎನ್ವಿರಾನ್‌ಮೆಂಟ್ ವೇರಿಯಬಲ್. ಪ್ರತಿಯೊಂದಕ್ಕೂ ಮೂರು ಸಂಗತಿ ಬರೆಯಿರಿ: ಯಾವ ಫಂಕ್ಷನ್‌ನಲ್ಲಿ ಓದುತ್ತೀರಿ, ಎಷ್ಟು ಬೈಟ್ ತನಕ ಬರಬಹುದು, ಎಷ್ಟು ಜಾಗ ಇಟ್ಟಿದ್ದೀರಿ.

ಮಂಡಿ ಪ್ರೋಗ್ರಾಮಿಗೆ ಬಾಗಿಲು ಎರಡೇ. ಒಂದು, ಟೈಪ್ ಮಾಡುವ ಹೆಸರು. ಇನ್ನೊಂದು, ಬೇರೆ ಕಂಪ್ಯೂಟರಿನಿಂದ ಬರುವ ದಿನದ ಫೈಲು. ಹೆಸರಿಗೆ ಇಟ್ಟ ಜಾಗ 32 ಬೈಟ್. "ಎಷ್ಟು ಬರಬಹುದು" ಅನ್ನೋ ಕಾಲಂ ಖಾಲಿ. ಆ ಖಾಲಿ ಕಾಲಂ ಸಾಕು, ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ. ಅರ್ಧ ಗಂಟೆಯ ಕೆಲಸ ಇದು, ಆದರೂ ಎಲ್ಲರೂ ಹಾರಿಸುವುದು ಇದನ್ನೇ.

## ಹಂತ 2: ಕಂಪೈಲರ್ ಏನು ಹೇಳುತ್ತದೆ ಅಂತ ಮೊದಲು ಕೇಳಿ

ಸುಮ್ನೆ ಜಿಸಿಸಿ ಅಂತ ಕಂಪೈಲ್ ಮಾಡಿದರೆ ಅದು ಹೆಚ್ಚು ಮಾತಾಡುವುದಿಲ್ಲ. ಮಾತಾಡಿಸಬೇಕು. -ಡಬ್ಲ್ಯೂಆಲ್ ಜೊತೆಗೆ -ಡಬ್ಲ್ಯೂಎಕ್ಸ್‌ಟ್ರಾ, -ಡಬ್ಲ್ಯೂಫಾರ್ಮ್ಯಾಟ್=2, -ಡಬ್ಲ್ಯೂಕನ್ವರ್ಶನ್, -ಓ2 ಹಾಕಿ. ಹೆಸರಲ್ಲಿ "ಆಲ್" ಇದ್ದರೂ ಮೊದಲನೆಯದು ಎಲ್ಲ ಎಚ್ಚರಿಕೆಗಳನ್ನೂ ಕೊಡುವುದಿಲ್ಲ.

-ಓ2 (ಕೋಡನ್ನು ವೇಗ ಮಾಡುವ ಆಪ್ಟಿಮೈಜ್ ಆಯ್ಕೆ) ಯಾಕೆ? ಬಫರ್ (ಮಾಹಿತಿಗೆ ಇಟ್ಟ ಜಾಗ) ಉಕ್ಕುವುದರ ಬಗ್ಗೆ ಜಿಸಿಸಿ ಕೊಡುವ ಹಲವು ಎಚ್ಚರಿಕೆಗಳು ಆಪ್ಟಿಮೈಜ್ ಮಾಡುವಾಗ ಮಾತ್ರ ಹೊರಗೆ ಬರುತ್ತವೆ. ಆಪ್ಟಿಮೈಜ್ ಇಲ್ಲದೆ ಕಂಪೈಲ್ ಮಾಡಿ "ವಾರ್ನಿಂಗೇ ಇಲ್ಲ" ಅನ್ನುವುದು ಕಿವಿ ಮುಚ್ಚಿಕೊಂಡು ಸದ್ದೇ ಇಲ್ಲ ಅಂದ ಹಾಗೆ.

ಇಲ್ಲಿ ಸಿಗುವ ಮುಖ್ಯ ಬೇಟೆ ಒಂದು: ಪ್ರಿಂಟ್‌ಎಫ್‌ಗೆ ನೇರವಾಗಿ ಹೆಸರನ್ನೇ ಕೊಟ್ಟಿರುವುದು. ಹೆಸರಿನ ಜಾಗದಲ್ಲಿ ಯಾರಾದರೂ ಪರ್ಸೆಂಟ್ ಎಸ್ ಅಂತ ನಾಲ್ಕು ಸಲ ಟೈಪ್ ಮಾಡಿದರೆ ಪ್ರೋಗ್ರಾಮ್ ತನ್ನ ಮೆಮೊರಿಯನ್ನೇ ತೋರಿಸಬಹುದು, ಇಲ್ಲವೇ ಬಿದ್ದು ಹೋಗಬಹುದು. ಪರ್ಸೆಂಟ್ ಎನ್ ಇನ್ನೂ ಕೆಟ್ಟದ್ದು, ಅದು ಮೆಮೊರಿಗೆ ಬರೆಯುತ್ತದೆ. ಫಾರ್ಮ್ಯಾಟ್ ಸ್ಟ್ರಿಂಗ್, ಅಂದರೆ ಪ್ರಿಂಟ್‌ಎಫ್‌ಗೆ ಮೊದಲು ಕೊಡುವ ಮಾದರಿ, ಯಾವಾಗಲೂ ನೀವು ಬರೆದದ್ದೇ ಆಗಿರಬೇಕು, ಹೊರಗಿಂದ ಬಂದದ್ದಲ್ಲ.

ಕೆಟ್ಟ ಲಕ್ಷಣ: ಎಚ್ಚರಿಕೆ ಹೋಗಲಿ ಅಂತ ಮುಂದೆ ಒಂದು ಕಾಸ್ಟ್ (ಬಲವಂತದ ಟೈಪ್ ಬದಲಾವಣೆ) ಅಂಟಿಸಿರುವುದು. ಹೊಸದಾಗಿ ಬಂದ ಪ್ರತಿ ಕಾಸ್ಟ್‌ಗೂ ಕಾರಣ ಕೇಳಿ.

## ಹಂತ 3: ಫ್ಲಾಫೈಂಡರ್ ಓಡಿಸುವುದು, ಓದುವುದು

ಓಡಿಸುವುದು ಒಂದೇ ಸಾಲು: ಫ್ಲಾಫೈಂಡರ್, ಒಂದು ಸ್ಪೇಸ್, ಫೋಲ್ಡರಿನ ಹೆಸರು. ಅಪಾಯದ ಅಂದಾಜನ್ನು ಅದು 0ಯಿಂದ 5ರವರೆಗೆ ಹಾಕುತ್ತದೆ, ದೊಡ್ಡದನ್ನು ಮೇಲೆ ತೋರಿಸುತ್ತದೆ. ಮೊದಲ ಸುತ್ತಿಗೆ ಮಿನ್‌ಲೆವೆಲ್ 4 ಇಟ್ಟುಕೊಳ್ಳಿ, ಇಲ್ಲದಿದ್ದರೆ ಪರದೆ ತುಂಬಿ ತಲೆ ಕೆಡುತ್ತದೆ. ಆಮೇಲೆ 3, 2, 1 ಅಂತ ಇಳಿಯಿರಿ. ಇಳಿಯಲೇಬೇಕು. ಹೇಳಿದಷ್ಟು ಬೈಟ್ ನಕಲು ಮಾಡುವ ಮೆಮ್‌ಕಾಪಿ ಬರುವುದೇ ಲೆವೆಲ್ 2ರಲ್ಲಿ. 4ರಲ್ಲೇ ನಿಂತವರು ಅದನ್ನು ನೋಡುವುದೇ ಇಲ್ಲ.

ಈ ಟೂಲ್ ಕೆಲಸ ಮಾಡುವ ರೀತಿ ಗೊತ್ತಿರಲಿ. ಅದರ ಹತ್ತಿರ ಅಪಾಯದ ಫಂಕ್ಷನ್‌ಗಳ ಹೆಸರಿನ ಪಟ್ಟಿ ಇದೆ. ನಿಮ್ಮ ಕೋಡ್‌ನಲ್ಲಿ ಆ ಹೆಸರು ಕಂಡರೆ ಬೆರಳು ತೋರಿಸುತ್ತದೆ, ಅದೇ ಹಿಟ್. ಮಾಹಿತಿ ಎಲ್ಲಿಂದ ಬಂತು, ಮೊದಲೇ ಯಾರಾದರೂ ಉದ್ದ ನೋಡಿದ್ದಾರಾ, ಅದಕ್ಕೆ ತಿಳಿಯದು. ಆದ್ದರಿಂದ ಹಿಟ್ ಅಂದರೆ ತೂತು ಅಲ್ಲ, ಹಿಟ್ ಇಲ್ಲದಿದ್ದರೆ ಕೋಡ್ ಗಟ್ಟಿ ಅಂತಲೂ ಅಲ್ಲ.

ಪ್ರತಿ ಹಿಟ್ಟಿನ ಮುಂದೆ ಮೂರರಲ್ಲಿ ಒಂದನ್ನು ಬರೆಯಿರಿ: ತೂತು, ಪರವಾಗಿಲ್ಲ, ಗೊತ್ತಾಗಲಿಲ್ಲ. "ಪರವಾಗಿಲ್ಲ" ಅಂದರೆ ಕಾರಣ ಬೇಕು, ಕಾರಣದಲ್ಲಿ ಒಂದು ಅಂಕಿ ಇರಬೇಕು. "ಇಲ್ಲಿಗೆ 11 ಬೈಟ್ ಮೇಲೆ ಬರಲ್ಲ, 88ನೇ ಸಾಲಿನಲ್ಲಿ ಚೆಕ್ ಇದೆ" ಅಂದರೆ ಒಪ್ಪಬಹುದು. "ಇಷ್ಟುದ್ದ ಯಾರು ಟೈಪ್ ಮಾಡ್ತಾರೆ" ಅಂದರೆ ಅದು ತೂತು. ಗೊತ್ತಾಗಲಿಲ್ಲ ಅಂತ ಬರೆಯಲು ನಾಚಿಕೆ ಬೇಡ. ಅವನ್ನು ಹಂತ 1ರ ಹಾಳೆಯ ಜೊತೆ ಇಟ್ಟು ನೋಡಿ. ಬಾಗಿಲಿನಿಂದ ಅಲ್ಲಿಗೆ ದಾರಿ ಇದ್ದರೆ ಅದಕ್ಕೇ ಮೊದಲ ಸರದಿ.

ಕೋಡ್ ಸಾಲಿನ ಪಕ್ಕ "ಫ್ಲಾಫೈಂಡರ್ ಇಗ್ನೋರ್" ಅಂತ ಕಾಮೆಂಟ್ ಬರೆದರೆ ಆ ಹಿಟ್ ಮಾಯವಾಗುತ್ತದೆ. ಬೇರೆಯವರ ಕೋಡ್ ನಿಮ್ಮ ಕೈಗೆ ಬಂದಾಗ ಮೊದಲು ನೆವರ್‌ಇಗ್ನೋರ್ ಆಯ್ಕೆ ಹಾಕಿಯೇ ಓಡಿಸಿ. ಚಾಪೆ ಕೆಳಗೆ ಗುಡಿಸಿ ಇಟ್ಟದ್ದೆಲ್ಲ ಹೊರಗೆ ಬರುತ್ತದೆ.

## ಹಂತ 4: ಉದ್ದದ ತೂತನ್ನು ನಿಜವಾಗಿ ಮುಚ್ಚುವುದು

ಮತ್ತೆ ಮುನಿವೆಂಕಟಪ್ಪನ ಬಿಲ್ಲಿಗೆ ಬರೋಣ.

ಇಂಗ್ಲಿಷ್‌ನಲ್ಲಿ ಬರೆದರೆ ಆ ಹೆಸರಿಗೆ 14 ಅಕ್ಷರ, 14 ಬೈಟ್. 32ರ ಜಾಗದಲ್ಲಿ ಆರಾಮಾಗಿ ಕೂರುತ್ತದೆ. ಹುಡುಗರು ಟೆಸ್ಟ್ ಮಾಡಿದ್ದೆಲ್ಲ ಇಂಗ್ಲಿಷ್ ಹೆಸರಿನಲ್ಲೇ. ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕೊಂಬು, ಗುಡಿಸು, ಸೊನ್ನೆ, ಒತ್ತಕ್ಷರಕ್ಕೆ ಬರುವ ಹಲಂತ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುನಿವೆಂಕಟಪ್ಪ ಅಂದರೆ 12 ಸಂಕೇತ, 36 ಬೈಟ್, ಕೊನೆಯ ನಲ್ (ಸ್ಟ್ರಿಂಗ್ ಮುಗಿಯಿತು ಅನ್ನುವ 0 ಬೈಟ್) ಸೇರಿ 37.

ಸ್ಟ್ರಕ್ಟ್‌ನಲ್ಲಿ, ಅಂದರೆ ಒಬ್ಬ ರೈತನ ಮಾಹಿತಿಯನ್ನು ಒಟ್ಟಿಗೆ ಇಡುವ ಕಟ್ಟಿನಲ್ಲಿ, ಹೆಸರಿನ ಪಕ್ಕದಲ್ಲೇ ಬಾಕ್ಸ್ ಸಂಖ್ಯೆ, ಅದರ ಪಕ್ಕ ರೇಟು. ಹೆಸರಿನ ಕೊನೆಯ 4 ಬೈಟ್ ಬಾಕ್ಸ್ ಸಂಖ್ಯೆಯ ಮೇಲೆ ಹತ್ತಿ ಕುಳಿತವು. ಅದೇ ಆ ಮೈನಸ್ ನೂರಾ ನಲವತ್ಮೂರು ಕೋಟಿ. ನಲ್ ಹೋಗಿ ರೇಟಿನ ಮೊದಲ ಬೈಟ್‌ನಲ್ಲಿ ಕುಳಿತಿತು. ರೇಟು ಪೈಸೆಯಲ್ಲಿತ್ತು: 15 ಕಿಲೋ ಬಾಕ್ಸಿಗೆ 900 ರೂಪಾಯಿ, ಅಂದರೆ 90000. ಅದು 89856 ಆಯಿತು. ಬಾಕ್ಸಿಗೆ 1 ರೂಪಾಯಿ 44 ಪೈಸೆ ಕಡಿಮೆ! ಬಾಕ್ಸ್ ಸಂಖ್ಯೆ ಯಾರ ಕಣ್ಣಿಗೂ ಬೀಳುತ್ತದೆ. ರೇಟಿನ ಈ ವ್ಯತ್ಯಾಸವನ್ನು ಯಾರೂ ಗಮನಿಸುತ್ತಿರಲಿಲ್ಲ. ಪ್ರೋಗ್ರಾಮ್ ಬೀಳಲಿಲ್ಲ, ಎರರ್ ಬರಲಿಲ್ಲ. ಹೆಸರೂ ನೆಟ್ಟಗೆ ಪ್ರಿಂಟ್ ಆಯಿತು. "ಪ್ರಿಂಟರ್ ಪ್ರಾಬ್ಲಂ ಇರಬೇಕು ಅಣ್ಣ" ಅಂದ ಒಬ್ಬ.

ಸ್ಟರ್‌ಎನ್‌ಕಾಪಿಗೆ ಮೂಲದ ಉದ್ದ ಕೊಟ್ಟರೆ ಅದು ಸ್ಟರ್‌ಕಾಪಿಯೇ, ವೇಷ ಮಾತ್ರ ಬೇರೆ. ಕೊಡಬೇಕಾದದ್ದು ಹಾಕುವ ಪಾತ್ರೆಯ ಅಳತೆ, ಸುರಿಯುವ ಹಾಲಿನ ಅಳತೆ ಅಲ್ಲ. ಇನ್ನೂ ಎರಡು ಹಳ್ಳ ಇವೆ. ಪಾತ್ರೆ ಪೂರ್ತಿ ತುಂಬಿದರೆ ಸ್ಟರ್‌ಎನ್‌ಕಾಪಿ ಕೊನೆಗೆ ನಲ್ ಹಾಕುವುದಿಲ್ಲ. ಮತ್ತೆ, ಅರೇಯನ್ನು ಫಂಕ್ಷನ್‌ಗೆ ಪ್ಯಾರಾಮೀಟರ್ ಆಗಿ ಕಳಿಸಿದ ಮೇಲೆ ಒಳಗೆ ಸೈಜ್‌ಆಫ್ ಕೇಳಿದರೆ 32 ಬರಲ್ಲ, ಪಾಯಿಂಟರಿನ ಅಳತೆ ಬರುತ್ತದೆ, 64 ಬಿಟ್ ಕಂಪ್ಯೂಟರಿನಲ್ಲಿ 8.

ನಾನು ಮಾಡಿಸುವುದು ಹೀಗೆ. ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ, ಪಾತ್ರೆಯ ಅಳತೆ ಕೊಡಿ, ಅದು ಹಿಂದಿರುಗಿಸುವ ಸಂಖ್ಯೆಯನ್ನು ನೋಡಿ. ಅದು ಅಳತೆಯಷ್ಟೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಹೆಸರು ಹಿಡಿಸಲಿಲ್ಲ ಅಂತ ಅರ್ಥ. ಆಗ ಆ ಎಂಟ್ರಿಯನ್ನು ವಾಪಸ್ ಕಳಿಸಿ. ಸುಮ್ಮನೆ ಕತ್ತರಿಸಿ ಮುಂದೆ ಹೋಗಬೇಡಿ. 32ಕ್ಕೆ ಕತ್ತರಿಸಿದರೆ "ಮುನಿವೆಂಕಟಪ" ಆಗಿ, ಬಾಲದಲ್ಲಿ ಅರ್ಧ ಹಲಂತದ ಒಂದು ಬೈಟ್ ಉಳಿದು ಬಿಲ್ಲಿನಲ್ಲಿ ಚೌಕ ಬರುತ್ತದೆ. ಹೆಸರಿಗೆ 128 ಬೈಟ್ ಇಟ್ಟರೆ 42 ಸಂಕೇತ ಹಿಡಿಸುತ್ತದೆ. ನಮ್ಮ ಕಡೆ ಹೆಸರುಗಳಿಗೆ ಇದು ಧಾರಾಳ.

ಉದ್ದದ ಮಿತಿಯೇ ಇಲ್ಲದೆ ಓದುವ ಗೆಟ್ಸ್ ಕಂಡರೆ ಚರ್ಚೆ ಬೇಡ, ತೆಗೆದು ಎಫ್‌ಗೆಟ್ಸ್ ಹಾಕಿ. 2011ರ ಸಿ ಮಾನಕದಿಂದಲೇ ಅದನ್ನು ಕಿತ್ತು ಹಾಕಿದ್ದಾರೆ.

## ಹಂತ 5: ಸಂಖ್ಯೆಗಳು, ಮತ್ತೆ ಸಿಸ್ಟಮ್ ಫಂಕ್ಷನ್

ಸಂಖ್ಯೆಗಳ ವಿಷಯದಲ್ಲಿ ಹೆಸರು ಹುಡುಕುವ ಟೂಲ್ ಹೆಚ್ಚುಕಡಿಮೆ ಕುರುಡು. ನೀವೇ ಓದಬೇಕು.

ದಿನದ ಫೈಲಿನಲ್ಲಿ ಪ್ರತಿ ಸಾಲೂ ಹೆಸರಿನ ಉದ್ದದಿಂದ ಶುರುವಾಗುತ್ತದೆ ಅಂತ ಇಟ್ಟುಕೊಳ್ಳಿ. ಅದನ್ನು ಎಟಾಯ್‌ನಿಂದ (ಅಕ್ಷರದಲ್ಲಿರುವ ಅಂಕಿಯನ್ನು ಸಂಖ್ಯೆ ಮಾಡುವ ಫಂಕ್ಷನ್) ಓದುತ್ತೀರಿ. "127ಕ್ಕಿಂತ ಜಾಸ್ತಿ ಇದ್ದರೆ ಬೇಡ" ಅಂತ ಚೆಕ್ ಹಾಕುತ್ತೀರಿ. ನೋಡಲು ಚೆನ್ನಾಗಿದೆ, ಅಲ್ವಾ? ಫೈಲಿನಲ್ಲಿ -1 ಅಂತ ಇದ್ದರೆ? ಅದು 127ಕ್ಕಿಂತ ಜಾಸ್ತಿ ಅಲ್ಲ, ಚೆಕ್ ಪಾಸ್. ಆಮೇಲೆ ಮೆಮ್‌ಕಾಪಿಗೆ ಹೋದಾಗ ಅಲ್ಲಿ ಮೈನಸ್ ಅನ್ನುವುದೇ ಇಲ್ಲ. -1 ಅಂದರೆ 18446744073709551615 ಬೈಟ್. ಹಂತ 2ರಲ್ಲಿ ಹಾಕಿದ -ಡಬ್ಲ್ಯೂಕನ್ವರ್ಶನ್ ಇದನ್ನೇ ಗೊಣಗಿತ್ತು, ಎಷ್ಟೋ ಜನ ಕಿರಿಕಿರಿ ಅಂತ ಅದನ್ನು ತೆಗೆದಿರುತ್ತಾರೆ. ಎಟಾಯ್ ಬಿಟ್ಟು ಸ್ಟರ್‌ಟಾಲ್ ಬಳಸಿ, ಕೆಳಗಿನ ಮಿತಿ ಮೇಲಿನ ಮಿತಿ ಎರಡನ್ನೂ ನೋಡಿ. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ 2014ರಲ್ಲಿ ಸಿಕ್ಕ ಹಾರ್ಟ್‌ಬ್ಲೀಡ್ ತೂತಿನ ಮೂಲವೂ ಇಂಥದ್ದೇ: ಹೊರಗಿನವರು ಹೇಳಿದ ಉದ್ದವನ್ನು ಪರೀಕ್ಷಿಸದೆ ಮೆಮ್‌ಕಾಪಿಗೆ ಕೊಟ್ಟದ್ದು.

ಎರಡನೆಯದು ಗುಣಾಕಾರ. ರೇಟು ಬಾಕ್ಸಿಗೆ 1500 ರೂಪಾಯಿ ಆದರೆ 150000 ಪೈಸೆ. ದಿನದ ಒಟ್ಟು 14316 ಬಾಕ್ಸ್ ತನಕ ಲೆಕ್ಕ ಸರಿ. 14317ನೇ ಬಾಕ್ಸ್ ಬಂದ ಕೂಡಲೇ 32 ಬಿಟ್ ಇಂಟ್‌ನ ಮಿತಿ 2147483647 ದಾಟುತ್ತದೆ, ಮೊತ್ತ ಮೈನಸ್‌ಗೆ ಉರುಳಬಹುದು. ಸೀಸನ್‌ನಲ್ಲಿ ಕೋಲಾರದ ಮಾರುಕಟ್ಟೆಗೆ ಇಷ್ಟು ಬಾಕ್ಸ್ ದೊಡ್ಡ ಲೆಕ್ಕವೇ ಅಲ್ಲ. ಮೊತ್ತದ ವೇರಿಯಬಲ್ ಒಂದನ್ನೇ ಲಾಂಗ್ ಲಾಂಗ್ ಮಾಡಿ ಕೈ ತೊಳೆದುಕೊಳ್ಳಬೇಡಿ. ಎರಡು ಇಂಟ್‌ಗಳನ್ನು ಗುಣಿಸಿದರೆ ಗುಣಾಕಾರ ಇಂಟ್‌ನಲ್ಲೇ ನಡೆಯುತ್ತದೆ, ಕೆಟ್ಟ ಮೇಲೆ ದೊಡ್ಡ ಪಾತ್ರೆಗೆ ಹಾಕಿದ ಹಾಗೆ. ಗುಣಿಸುವ ಮೊದಲೇ ಒಂದನ್ನು ದೊಡ್ಡದು ಮಾಡಿ.

ಕೊಟ್ಟ ಕಮಾಂಡನ್ನು ಶೆಲ್‌ನಿಂದ (ಟರ್ಮಿನಲ್ ಕಮಾಂಡುಗಳನ್ನು ನಡೆಸುವ ಪ್ರೋಗ್ರಾಮ್) ಓಡಿಸುವ ಸಿಸ್ಟಮ್ ಫಂಕ್ಷನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪ್ರಿಂಟ್ ಕಮಾಂಡಿನ ಮುಂದೆ ಫೈಲ್ ಹೆಸರು ಅಂಟಿಸಿ ಸಿಸ್ಟಮ್‌ಗೆ ಕೊಟ್ಟಿದ್ದರೆ, ಫೈಲ್ ಹೆಸರಿನೊಳಗೆ ಒಂದು ಸೆಮಿಕೋಲನ್ ಇಟ್ಟು ಯಾವ ಕಮಾಂಡನ್ನಾದರೂ ಓಡಿಸಬಹುದು. ಇದನ್ನು ಫ್ಲಾಫೈಂಡರ್ ಲೆವೆಲ್ 4ರಲ್ಲೇ ತೋರಿಸುತ್ತದೆ. ಕೆಟ್ಟ ಅಕ್ಷರ ಹುಡುಕಿ ಅಳಿಸುವ ದಾರಿ ಬೇಡ, ಒಂದಲ್ಲ ಒಂದು ಬಿಟ್ಟು ಹೋಗುತ್ತದೆ. ಶೆಲ್ಲೇ ಇಲ್ಲದೆ, ಫೋರ್ಕ್ ಮಾಡಿ (ಹೊಸ ಪ್ರೊಸೆಸ್ ಹುಟ್ಟಿಸಿ) ಎಕ್ಸೆಕ್ ಗುಂಪಿನ ಫಂಕ್ಷನ್‌ನಿಂದ ಓಡಿಸಿ.

## ಹಂತ 6: ದಾರಿ ಹಿಡಿದು ನೋಡುವ ಟೂಲುಗಳು

ಸಿಪಿಪಿಚೆಕ್, ಜಿಸಿಸಿಯ -ಎಫ್‌ಅನಲೈಜರ್, ಇವೆರಡೂ ಹೆಸರು ಮಾತ್ರ ನೋಡುವುದಿಲ್ಲ. "ಇಲ್ಲಿ ಮ್ಯಾಲಕ್, ಈ ಇಫ್‌ನಲ್ಲಿ ಫ್ರೀ, ಆಮೇಲೆ ಮತ್ತೆ ಬಳಕೆ" ಅಂತ ದಾರಿ ಹಿಡಿದು ಹೋಗುತ್ತವೆ. ಅನಲೈಜರ್ ಆ ದಾರಿಯನ್ನು ನಂಬರ್ ಹಾಕಿ ತೋರಿಸುತ್ತದೆ. ಕೊನೆಯ ನಂಬರಿಗೆ ಹಾರಬೇಡಿ, ಒಂದರಿಂದ ಓದಿ. ಆ ದಾರಿ ನಿಜವಾಗಿ ನಡೆಯುವುದು ಸಾಧ್ಯವೇ ಇಲ್ಲ ಅಂತ ಮಧ್ಯದಲ್ಲೇ ಗೊತ್ತಾದರೆ ಅದು ಸುಳ್ಳು ಎಚ್ಚರಿಕೆ. ಸಿಪ್ಲಸ್‌ಪ್ಲಸ್ ಕೋಡ್‌ಗೆ ಈ ಅನಲೈಜರನ್ನು ನಂಬಬೇಡಿ, ಸಿ ಮಾತ್ರ.

ಸಿಪಿಪಿಚೆಕ್‌ನಲ್ಲಿ ಎಡವುವ ಜಾಗ ಎರಡು. ಕೋಡ್‌ನಲ್ಲಿ ಇಫ್‌ಡೆಫ್ (ಷರತ್ತಿನ ಮೇಲೆ ಕೋಡ್ ಸೇರಿಸುವ ಅಥವಾ ಬಿಡುವ ಸಾಲು) ತುಂಬ ಇದ್ದರೆ ಅದು ತಾನಾಗಿ 12 ಜೋಡಣೆ ನೋಡಿ ನಿಲ್ಲಿಸುತ್ತದೆ, ಎಲ್ಲ ಬೇಕಾದರೆ ಫೋರ್ಸ್ ಹಾಕಬೇಕು. ಎರಡನೆಯದು, ತಪ್ಪು ಸಿಕ್ಕರೂ ಅದು 0, ಅಂದರೆ "ಎಲ್ಲ ಸರಿ", ಅಂತ ಹಿಂದಿರುಗಿಸುತ್ತದೆ. ಸ್ಕ್ರಿಪ್ಟ್‌ನಲ್ಲಿ ಹಾಕಿ "ಪಾಸ್ ಆಯ್ತು" ಅಂದುಕೊಂಡವರು ಬಹಳ. ಎರರ್-ಎಕ್ಸಿಟ್‌ಕೋಡ್ ಆಯ್ಕೆ ಕೊಡಿ.

## ಹಂತ 7: ಓಡಿಸಿ ಬೀಳಿಸುವುದು

ಈಗ ಎರಡು ಬಿಲ್ಡ್ ಮಾಡಿ, ಎರಡನ್ನೂ ಬೇರೆ ಬೇರೆ ಇಡಿ.

ಮೊದಲನೆಯದು ಓಡುವಾಗಲೇ ಮೆಮೊರಿಯ ತಪ್ಪು ಹಿಡಿಯುವ ಸ್ಯಾನಿಟೈಜರ್ ಬಿಲ್ಡ್: -ಎಫ್‌ಸ್ಯಾನಿಟೈಜ್=ಅಡ್ರೆಸ್,ಅನ್‌ಡಿಫೈನ್ಡ್ ಜೊತೆಗೆ -ಜಿ, -ಓ1. ಸುಮಾರು ಎರಡು ಪಟ್ಟು ನಿಧಾನ ಆಗುತ್ತದೆ, ಪರೀಕ್ಷೆಗೆ ಪರವಾಗಿಲ್ಲ. ಬಾಗಿಲುಗಳ ಹಾಳೆ ತೆಗೆದು ಒಂದೊಂದು ಬಾಗಿಲಿಗೂ ಕೆಟ್ಟದ್ದನ್ನೇ ಕೊಡಿ: ಖಾಲಿ ಹೆಸರು, ಉದ್ದದ ಕನ್ನಡ ಹೆಸರು, -1, 0, 2147483647, ಪರ್ಸೆಂಟ್ ಎಸ್, ಕೊನೆಯ ಸಾಲು ಅರ್ಧಕ್ಕೆ ನಿಂತ ಫೈಲು. ಬಿದ್ದಾಗ ಬರುವ ದೊಡ್ಡ ವರದಿ ನೋಡಿ ಹೆದರಬೇಡಿ. ಮೊದಲ ಸಾಲಿನಲ್ಲಿ ತಪ್ಪಿನ ಜಾತಿ ಇರುತ್ತದೆ. ಕೆಳಗಿನ ಸಾಲುಗಳಲ್ಲಿ ನಿಮ್ಮ ಫೈಲಿನ ಹೆಸರು ಮೊದಲ ಸಲ ಎಲ್ಲಿ ಬರುತ್ತದೋ ಅಲ್ಲಿಗೆ ಹೋಗಿ.

ಸರಿ ಮಾಡುವ ಮೊದಲಿನ ಕೋಡ್‌ನಲ್ಲಿದ್ದ ಮುನಿವೆಂಕಟಪ್ಪನ ತಪ್ಪನ್ನು ಈ ಬಿಲ್ಡ್ ಹಿಡಿಯಲಿಲ್ಲ. ಇದನ್ನು ನೋಡಿ ನನಗೂ ಒಂದು ಕ್ಷಣ ಗಲಿಬಿಲಿ ಆಯಿತು. ಕಾರಣ ಸರಳ. ಅಡ್ರೆಸ್ ಸ್ಯಾನಿಟೈಜರ್ ಕಾವಲು ಕಾಯುವುದು ಇಡೀ ಸ್ಟ್ರಕ್ಟ್‌ನ ಸುತ್ತ. ಹೆಸರು ಉಕ್ಕಿ ಅದೇ ಸ್ಟ್ರಕ್ಟ್‌ನೊಳಗಿನ ಬಾಕ್ಸ್ ಸಂಖ್ಯೆ ಮೇಲೆ ಬಿದ್ದರೆ ಅದು ಬೇಲಿ ದಾಟಿದ ಹಾಗಲ್ಲ.

ಅದಕ್ಕೇ ಎರಡನೇ ಬಿಲ್ಡ್: ಸ್ಯಾನಿಟೈಜರ್ ಇಲ್ಲದೆ, -ಓ2 ಜೊತೆಗೆ ಫೋರ್ಟಿಫೈ ಸೋರ್ಸ್ 2. ಇದು ಸ್ಟ್ರಿಂಗ್ ನಕಲು ಮಾಡುವ ಫಂಕ್ಷನ್‌ಗಳಿಗೆ ಆ ಒಂದು ಫೀಲ್ಡಿನ ಅಳತೆಯನ್ನೇ ನೋಡುತ್ತದೆ. ಅದೇ ಹೆಸರು ಕೊಟ್ಟ ತಕ್ಷಣ "ಬಫರ್ ಓವರ್‌ಫ್ಲೋ ಡಿಟೆಕ್ಟೆಡ್" ಅಂತ ನಿಲ್ಲಿಸಿತು. ಆಪ್ಟಿಮೈಜ್ ಇಲ್ಲದೆ ಇದು ಕೆಲಸ ಮಾಡಲ್ಲ. ಹುಡುಗರು -ಓ ಏನೂ ಹಾಕದೆ ಕಂಪೈಲ್ ಮಾಡಿದ್ದರಿಂದ ಅಷ್ಟು ದಿನ ಗೊತ್ತೇ ಆಗಿರಲಿಲ್ಲ.

## ಹಂತ 8: ಮತ್ತೆ ಸ್ಕ್ಯಾನ್, ಮತ್ತೆ ಹೋಲಿಕೆ

ಸರಿ ಮಾಡಿದ ಮೇಲೆ ಎಲ್ಲ ಹಂತವನ್ನೂ ಮೊದಲಿಂದ ಓಡಿಸಿ. ಫ್ಲಾಫೈಂಡರ್‌ನಲ್ಲಿ ಸೇವ್‌ಹಿಟ್‌ಲಿಸ್ಟ್ ಅಂತ ಆಯ್ಕೆ ಇದೆ, ಇವತ್ತಿನ ಹಿಟ್‌ಗಳನ್ನು ಫೈಲಿನಲ್ಲಿ ಇಡುತ್ತದೆ. ಮುಂದಿನ ಸಲ ಡಿಫ್‌ಹಿಟ್‌ಲಿಸ್ಟ್ ಕೊಟ್ಟರೆ ಹೊಸದಾಗಿ ಬಂದದ್ದು ಮಾತ್ರ ಕಾಣುತ್ತದೆ. ಹಳೆಯ ನೂರು ಸಾಲನ್ನು ಪ್ರತಿ ವಾರ ಓದುವ ಕಷ್ಟ ಇರಲ್ಲ. ಒಂದೊಂದು ತೂತಿಗೂ ಒಂದೊಂದು ಕಮಿಟ್ ಮಾಡಿ, ಅದನ್ನು ಬೀಳಿಸಿದ ಇನ್‌ಪುಟ್ಟನ್ನು ಟೆಸ್ಟ್ ಫೋಲ್ಡರಿನಲ್ಲೇ ಉಳಿಸಿ.

ಬೇರೆಯವರ ಪ್ರೋಗ್ರಾಮಿನಲ್ಲಿ ತೂತು ಸಿಕ್ಕರೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಬರೆದವರಿಗೆ ಖಾಸಗಿಯಾಗಿ ತಿಳಿಸಿ. ಅವರು ಕಿವಿಗೊಡದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಇಂಥ ವರದಿ ತಗೊಳ್ಳುತ್ತದೆ. ಅವರ ಓಡುತ್ತಿರುವ ಕಂಪ್ಯೂಟರಿನ ಮೇಲೆ ಹಂತ 7 ಮಾತ್ರ ಬೇಡವೇ ಬೇಡ.

ನಿಮ್ಮದೇ ಪ್ರೋಗ್ರಾಮ್ ಯಾವುದಾದರೂ ಅಂಗಡಿಯಲ್ಲಿ ನಿಜವಾಗಿ ಓಡುತ್ತಿದ್ದರೆ, ಸ್ಯಾನಿಟೈಜರ್ ಬಿಲ್ಡನ್ನು ಅಲ್ಲಿ ಹಾಕಬೇಡಿ. ಫೋರ್ಟಿಫೈ ಇರುವ ಬಿಲ್ಡ್ ಹಾಕಿ. ಸ್ಟ್ರಕ್ಟ್‌ನಲ್ಲಿ ಹೆಸರಿನ ಜಾಗ 32ರಿಂದ 128ಕ್ಕೆ ಹೋದರೆ ಹಳೆಯ ಡೇಟಾ ಫೈಲು ಹೊಸ ಪ್ರೋಗ್ರಾಮಿಗೆ ಅರ್ಥ ಆಗಲ್ಲ, ಅದನ್ನು ಮೊದಲೇ ಬದಲಾಯಿಸಿ ಇಟ್ಟುಕೊಳ್ಳಿ. ಬೆಳಗಿನ ಹರಾಜಿನ ಹೊತ್ತಲ್ಲಿ ಈ ಕೆಲಸ ಬೇಡ. ವ್ಯಾಪಾರ ಮುಗಿದ ಮೇಲೆ ಹಾಕಿ, ಹಳೆಯ ಬಿಲ್ಡನ್ನು ಬೇರೆ ಹೆಸರಿನಲ್ಲಿ ಒಂದು ವಾರ ಇಟ್ಟಿರಿ.